ತಾಂಡೇಲನ ಮುಂಗಡ, ಸ್ಟ್ರೈಕರ್‌ನ ಕಾಂಟ್ರ್ಯಾಕ್ಟ್

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ನಿಂತೇ ಇರುತ್ತವೆ. 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ನನಗೆ ಮಾತ್ರ ವರ್ಷದಲ್ಲೇ ಜಾಸ್ತಿ ಕೆಲಸ ಆಗ. ಪರ್ಸೀನ್ ಬೋಟಿನ ಮಾಲೀಕರೊಬ್ಬರ ಹತ್ತಿರ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬಲೆ ರಿಪೇರಿ, ಇಂಜಿನ್ ಕೆಲಸ, ಬಣ್ಣ, ಎಲ್ಲದರ ಚೀಟಿಯೂ ನನ್ನ ಟೇಬಲ್ಲಿಗೇ ಬರುತ್ತದೆ. ಇವೆಲ್ಲ ಕೂಡಿಸಿ ಕಳೆದರೆ ಮುಗಿಯುವ ಲೆಕ್ಕ. ಮುಗಿಯದ ಲೆಕ್ಕ ಅಂದರೆ ತಾಂಡೇಲನದು, ಬೋಟು ನಡೆಸುವವನದು. ಹೋದ ವರ್ಷ ಬೋಟು ನಡೆಸಿದವನನ್ನೇ ಇಟ್ಟುಕೊಳ್ಳಬೇಕಾ, ಬೇರೆಯವನನ್ನು ನೋಡಬೇಕಾ? ಇಟ್ಟುಕೊಂಡರೆ ಮುಂಗಡ ಎಷ್ಟು ಕೊಡಬೇಕು? ಜುಲೈ ಕೊನೆಯವರೆಗೆ ಯೋಚಿಸುತ್ತಾ ಕೂತರೆ ಅವನು ಅಷ್ಟರಲ್ಲಿ ಬೇರೆ ಬೋಟಿನ ಮುಂಗಡ ಹಿಡಿದಿರುತ್ತಾನೆ.

ಫುಟ್ಬಾಲ್ ಕ್ಲಬ್ಬುಗಳಿಗೂ ಇದೇ ಕಾಲ. ನಮ್ಮ ದೇಶದ ಆಟಗಾರರ ಕಾಂಟ್ರ್ಯಾಕ್ಟು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತದೆ, ಯುರೋಪಿನಲ್ಲಿ ಜೂನ್ 30ಕ್ಕೆ. ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಮೊಬೈಲ್ ತುಂಬಾ ಯಾರು ಹೋದ, ಯಾರು ಬಂದ ಅನ್ನುವ ಸುದ್ದಿ. ಆ ಸುದ್ದಿ ಓದುವಾಗೆಲ್ಲ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬ ಎಫ್‌ಸಿ ಗೋವಾದ ಕೊರೊ. ಇನ್ನೊಬ್ಬ ನಮ್ಮ ಊರಿನ ತಂಡದ ಒಂಬತ್ತನೇ ನಂಬರಿನವನು. ಇಬ್ಬರೂ ಸ್ಟ್ರೈಕರ್, ಗೋಲು ಹೊಡೆಯುವವರು. ಅವನ ಹೆಸರು ಇಲ್ಲಿ ಬೇಡ.

ಕರ್ನಾಟಕದಲ್ಲಿದ್ದು ಗೋವಾ ತಂಡದ ಕಡೆ ಯಾಕೆ ಅಂತ ಬೆಂಗಳೂರಿನವರು ಕೇಳುತ್ತಾರೆ. ಕಾರವಾರದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಜಾಸ್ತಿ. ಮಡಗಾಂವಕ್ಕೆ ಹೆಚ್ಚುಕಮ್ಮಿ ಎಪ್ಪತ್ತು. ಮಧ್ಯಾಹ್ನ ಕದಂಬ ಬಸ್ ಹತ್ತಿದರೆ ಮಾಜಾಳಿ ದಾಟಿ, ಪೊಳೆಂ ಚೆಕ್‌ಪೋಸ್ಟ್ ದಾಟಿ, ಕಾಣಕೋಣದ ಘಾಟ್ ಇಳಿದು ಸಂಜೆಯೊಳಗೆ ಫತೋರ್ಡಾ ಸ್ಟೇಡಿಯಂ ಮುಂದೆ ಇರಬಹುದು. ನಾನು ಶಾಲೆಗೆ ಹೋಗುವಾಗಲೇ ಗೋವಾದ ಕ್ಲಬ್ಬುಗಳಾದ ಡೆಂಪೊ, ಸಾಲಗಾಂವ್ಕರ್ ಹೆಸರು ನಮ್ಮ ಮನೆಯಲ್ಲಿ ನೆಂಟರ ಹೆಸರಿನ ಹಾಗೆ ಓಡಾಡುತ್ತಿದ್ದವು. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಅವನದು ಬೆಂಗಳೂರು ಎಫ್‌ಸಿ. ಮನೆಯಲ್ಲಿ ಎರಡು ಪಕ್ಷ.

2017ರ ನವೆಂಬರ್ 30ರಂದು ಅವೆರಡೂ ಪಕ್ಷ ಫತೋರ್ಡಾದಲ್ಲಿ ಎದುರಾದವು. ನಾವು ಐದು ಜನ ಪಕ್ಕದ ಮನೆಯವರ ಓಮ್ನಿಯಲ್ಲಿ ಹೋಗಿದ್ದೆವು. ಗೋವಾ 4, ಬೆಂಗಳೂರು 3. ಮೂರು ಗೋಲು ಕೊರೊನದು. ಪೂರ್ತಿ ಹೆಸರು ಫೆರಾನ್ ಕೊರೊಮಿನಾಸ್, ಸ್ಪೇನಿನವನು, ಆಗಲೇ ಮೂವತ್ತನಾಲ್ಕು ವರ್ಷ. ಅವನು ಜಾಸ್ತಿ ಓಡುತ್ತಿರಲಿಲ್ಲ. ನಾನು ಅವತ್ತು ಚೆಂಡು ಬಿಟ್ಟು ಅವನೊಬ್ಬನನ್ನೇ ಸ್ವಲ್ಪ ಹೊತ್ತು ನೋಡಿದೆ. ಡಿಫೆಂಡರ್‌ನ ಹೆಗಲ ಪಕ್ಕ ನಿಂತಿರುತ್ತಾನೆ, ಬಸ್ಸಿಗೆ ಕಾಯುವವನ ಹಾಗೆ. ಕತ್ತು ಎರಡು ಸಲ ತಿರುಗುತ್ತದೆ. ಹಿಂದೆ ಎಷ್ಟು ಜಾಗ ಇದೆ ಅಂತ ಅಳೆಯುತ್ತಾನೆ. ಪಾಸ್ ಹೊರಡುವ ಹೊತ್ತಿಗೆ ಇವನು ಹೊರಟು ಆಗಿರುತ್ತದೆ. ಒಳ್ಳೆಯ ತಾಂಡೇಲ ನೀರಿನ ಬಣ್ಣ ನೋಡಿ ಬಲೆ ಬಿಡು ಅನ್ನುತ್ತಾನಲ್ಲ, ಹಾಗೆ. ಮುಂದಿನ ವಾರ ಕೇರಳದ ಮೇಲೆ ಮತ್ತೆ ಮೂರು, ಅದೂ ಏಳೇ ನಿಮಿಷದಲ್ಲಿ.

ಇಂಡಿಯನ್ ಸೂಪರ್ ಲೀಗ್‌ನಲ್ಲಿ ಅವನದು ಮೂರು ಸೀಸನ್, 57 ಪಂದ್ಯ, 48 ಗೋಲು. ಮೊದಲ ಎರಡು ವರ್ಷ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಅವನಿಗೇ. 2020ರ ಫೆಬ್ರವರಿಯಲ್ಲಿ ಗೋವಾ ಜಮ್ಶೆಡ್‌ಪುರಕ್ಕೆ ಹೋಗಿ 5-0 ಗೆದ್ದು, ಅಂಕಪಟ್ಟಿಯಲ್ಲಿ ಮೊದಲು ನಿಂತವರಿಗೆ ಕೊಡುವ ಲೀಗ್ ಶೀಲ್ಡ್ ಹಿಡಿಯಿತು. ಏಷ್ಯಾದ ಚಾಂಪಿಯನ್ಸ್ ಲೀಗ್ ಗುಂಪಿಗೆ ಹೋಗುವ ಮೊದಲ ಭಾರತೀಯ ಕ್ಲಬ್ ಅನ್ನುವ ಹೆಸರು ಬಂತು. ಆಮೇಲೆ ಲಾಕ್‌ಡೌನ್. ಪೊಳೆಂ ಗೇಟು ಬಂದ್. ಅದೇ ವರ್ಷ ಮುಂದಿನ ಸೀಸನ್ ಶುರುವಾಗುವ ಮೊದಲು ಕೊರೊ ಮತ್ತು ಗೋವಾ ಬೇರೆಯಾದರು. ಅವನಿಗೆ ಮೂವತ್ತೇಳು ಆಗಿತ್ತು.

ನನಗೆ ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಕೇಳಿದರೆ ಏನಂತ ಹೇಳುವುದು?

ಆದರೆ ಲೆಕ್ಕ ಬರೆಯುವವನ ತಲೆ ಸುಮ್ಮನಿರುವುದಿಲ್ಲ. ಕೊರೊ ಜಾಗಕ್ಕೆ ಬಂದವನು ಇಗೋರ್ ಅಂಗುಲೊ. ಪೋಲೆಂಡಿನ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದು ಬಂದಿದ್ದವನು. ಅವನಿಗೂ ಆಗ ಮೂವತ್ತಾರು, ಕೊರೊಗಿಂತ ಒಂದೇ ವರ್ಷ ಚಿಕ್ಕವನು! ಬಂದವನೇ 14 ಗೋಲು ಹೊಡೆದು ಗೋಲ್ಡನ್ ಬೂಟ್ ತಗೊಂಡ. ಕೊರೊನ ಕೊನೆಯ ಸೀಸನ್ನಿನ ಗೋಲು ಎಷ್ಟು? ಅದೂ 14. ಅಂದರೆ ಗೋಲಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಕಡಿಮೆ ಬೀಳಲಿಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆ. ನಾವೆಲ್ಲ ಕೊರೊ ಕೊರೊ ಅಂತ ಅಳುತ್ತಿದ್ದ ಅದೇ ವರ್ಷ ಅಹ್ಮದ್ ಜಾಹೂ, ಮುರ್ತಾದಾ ಫಾಲ್, ಹ್ಯೂಗೊ ಬೂಮೂಸ್, ಮಂದಾರ ರಾವ್ ದೇಸಾಯಿ, ನಾಲ್ಕೂ ಜನ ಮುಂಬೈ ಸಿಟಿಗೆ ಹೋದರು. ಗೋವಾದ ಹಿಂದಿನ ಕೋಚ್ ಸೆರ್ಜಿಯೊ ಲೊಬೆರಾ ಕೂಡ ಅಲ್ಲಿಗೇ. ಬೂಮೂಸ್ ಆಗ ಲೀಗ್‌ನ ಅತ್ಯುತ್ತಮ ಆಟಗಾರ. ಕಾಂಟ್ರ್ಯಾಕ್ಟಿನಲ್ಲಿ ಬರೆದಿದ್ದ ಬಿಡುಗಡೆ ಮೊತ್ತ ಕಟ್ಟಿ ಮುಂಬೈ ಅವನನ್ನು ಎತ್ತಿಕೊಂಡಿತು. ಅಂಥ ಒಂದು ಸಾಲು ಕಾಗದದಲ್ಲಿದ್ದರೆ ಕ್ಲಬ್ ಬೇಡ ಅಂದರೂ ನಡೆಯುವುದಿಲ್ಲ. ಮಂದಾರ ಗೋವಾದವನೇ, ಡೆಂಪೊದಲ್ಲಿ ಆಡಿ ಬಂದವನು, ಕ್ಲಬ್ ಹುಟ್ಟಿದ 2014ರಿಂದಲೂ ಇದ್ದವನು. ಮುಂದಿನ ಮಾರ್ಚ್‌ನಲ್ಲಿ ಸೆಮಿಫೈನಲ್‌ಗೆ ಬಂದರೆ ಎದುರು ಅದೇ ಮುಂಬೈ. ಎರಡು ಪಂದ್ಯ ಡ್ರಾ ಆಗಿ ಪೆನಾಲ್ಟಿಯಲ್ಲಿ 6-5ಕ್ಕೆ ಸೋತೆವು. ಮುಂಬೈ ಆ ವರ್ಷ ಶೀಲ್ಡೂ ಗೆದ್ದಿತು, ಕಪ್ಪೂ ಗೆದ್ದಿತು.

ಕ್ಲಬ್‌ಗಳು ಕಾಂಟ್ರ್ಯಾಕ್ಟ್ ವಿಷಯದಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಗೋಲು ಹೊಡೆಯುವವನ ಮುಖ ಎಲ್ಲರಿಗೂ ಕಾಣುತ್ತದೆ. ಮಧ್ಯದಲ್ಲಿ ನಿಂತು ಚೆಂಡು ಕಸಿದು ಪಾಸ್ ಕೊಡುವ ಜಾಹೂವಿನಂಥವನ ಬೆಲೆ ಅವನು ಹೋದ ಮೇಲೆ ಗೊತ್ತಾಗುತ್ತದೆ. ತಾಂಡೇಲನಿಗೆ ಮುಂಗಡ ಕೊಟ್ಟು ಇಂಜಿನ್ ಡ್ರೈವರ್‌ನನ್ನು ಬಿಟ್ಟ ಬೋಟು ಏನಾಯಿತು ಅಂತ ಬೈತಖೋಲದಲ್ಲಿ ಯಾರನ್ನು ಬೇಕಾದರೂ ಕೇಳಿ.

2021ರ ಏಪ್ರಿಲ್ 14ರಂದು ಆ ಏಷ್ಯಾದ ಲೀಗ್‌ನಲ್ಲಿ ಗೋವಾ ತಂಡ ಫತೋರ್ಡಾದಲ್ಲಿ ಕತಾರಿನ ಅಲ್ ರಯ್ಯಾನ್ ಎದುರು 0-0 ಮಾಡಿಕೊಂಡಿತು. ಮೈದಾನಕ್ಕೆ ಜನರನ್ನು ಬಿಡುತ್ತಿರಲಿಲ್ಲ, ಮನೆಯಲ್ಲೇ ನೋಡಿದೆ. ಆ ಗುಂಪಿಗೆ ತಂಡವನ್ನು ಒಯ್ದ ಕೊರೊ ಅಲ್ಲಿರಲಿಲ್ಲ. ಕ್ಲಬ್‌ನ ಲೆಕ್ಕ ಸರಿ ಅಂತ ಗೊತ್ತಿದ್ದೂ ಕಣ್ಣು ಅವನನ್ನೇ ಹುಡುಕುತ್ತಿತ್ತು.

ಮಗ ಇದನ್ನೆಲ್ಲ ಒಪ್ಪುವುದಿಲ್ಲ. "ಅಪ್ಪಾ, ವಯಸ್ಸು ನೋಡಿ ಬಿಡೋದಾದ್ರೆ ಛೆಟ್ರಿಯನ್ನ ಯಾವಾಗಲೋ ಬಿಡಬೇಕಿತ್ತು" ಅನ್ನುತ್ತಾನೆ. ಅವನ ಮಾತೂ ನಿಜವೇ. ಸುನಿಲ್ ಛೆಟ್ರಿ 2024-25ರಲ್ಲಿ ನಲವತ್ತು ತುಂಬಿದ ಮೇಲೆ 14 ಗೋಲು ಹೊಡೆದ. ಆ ಸೀಸನ್ನಿನಲ್ಲಿ ಭಾರತೀಯರ ಪೈಕಿ ಅವನದೇ ಜಾಸ್ತಿ. ಡಿಸೆಂಬರ್‌ನಲ್ಲಿ ಕೇರಳದ ಮೇಲೆ ಹ್ಯಾಟ್ರಿಕ್ ಬೇರೆ. ಆದರೆ ಬೆಂಗಳೂರಿನವರು ಅವನನ್ನು ಇಪ್ಪತ್ತೈದರ ಹುಡುಗನ ಹಾಗೆ ದುಡಿಸಲಿಲ್ಲ. ಎಷ್ಟೋ ಪಂದ್ಯದಲ್ಲಿ ಅವನು ಇಳಿದದ್ದೇ ಕೊನೆಗೆ. ಕಾಂಟ್ರ್ಯಾಕ್ಟ್ ರಿನ್ಯೂ ಮಾಡುವಾಗ ಕೆಲಸವನ್ನೂ ಹೊಸದಾಗಿ ಹಂಚಬೇಕು. ಹಳೇ ಕೆಲಸಕ್ಕೇ ಹೊಸ ಸಹಿ ಹಾಕಿಸಿದರೆ ಕಷ್ಟ.

ಲಿವರ್‌ಪೂಲ್ ಕ್ಲಬ್ಬಿನ ಸ್ಟ್ರೈಕರ್ ಮೊಹಮ್ಮದ್ ಸಲಾ ವಿಷಯದಲ್ಲಿ ನನಗೆ ಹೆದರಿಕೆ ಇದ್ದದ್ದೂ ಇದಕ್ಕೇ. 2025ರ ಜೂನ್‌ಗೆ ಅವನ ಕಾಂಟ್ರ್ಯಾಕ್ಟ್ ಮುಗಿಯುವುದಿತ್ತು. 1995ರ ಡಿಸೆಂಬರ್‌ನಲ್ಲಿ ಬಂದ ಬೋಸ್ಮನ್ ತೀರ್ಪು ಇದೆಯಲ್ಲ, ಬೆಲ್ಜಿಯಂನ ಆಟಗಾರನೊಬ್ಬ ಕೋರ್ಟಿಗೆ ಹೋಗಿ ಗೆದ್ದದ್ದು, ಅದರ ಮೇಲೆ ಅವಧಿ ಮುಗಿದವನು ಯಾರಿಗೂ ಒಂದು ಪೈಸೆ ಕೊಡಿಸದೆ ಹೋಗಬಹುದು. ಕೊನೆಯ ಆರು ತಿಂಗಳಲ್ಲಿ ಹೊರದೇಶದ ಕ್ಲಬ್‌ಗಳ ಜೊತೆ ಮಾತುಕತೆಯೂ ಆಡಬಹುದು. 2024ರ ನವೆಂಬರ್‌ನಲ್ಲೇ ಸಲಾ, ಇನ್ನೂ ಆಫರ್ ಬಂದಿಲ್ಲ ಅಂತ ಬೇಸರದಿಂದ ಹೇಳಿಕೊಂಡ. ಕೊನೆಗೆ 2025ರ ಏಪ್ರಿಲ್ 11ಕ್ಕೆ ಎರಡು ವರ್ಷದ ಸಹಿ ಬಿತ್ತು. ಆ ಸೀಸನ್ನಿನಲ್ಲಿ ಲೀಗ್‌ನಲ್ಲೇ 29 ಗೋಲು, 18 ಅಸಿಸ್ಟ್. ಅಂಥವನನ್ನು ಯಾರು ಬಿಡುತ್ತಾರೆ? ನಾನಾದರೂ ಸಹಿ ಹಾಕುತ್ತಿದ್ದೆ. 2025ರ ಡಿಸೆಂಬರ್‌ನಲ್ಲಿ ಲೀಡ್ಸ್ ಎದುರು 3-3 ಆದ ದಿನ ಅವನು ಪೂರ್ತಿ ಬೆಂಚಿನ ಮೇಲಿದ್ದ. ಹೊರಗೆ ಬಂದು, ತನ್ನನ್ನು ಬಲಿ ಕೊಟ್ಟರು ಅನ್ನುವ ಅರ್ಥದ ಮಾತಾಡಿದ. ಅವನ ಮುಖ ನೋಡಿದಾಗ ನನಗೆ ಸಿಟ್ಟು ಬರಲಿಲ್ಲ. ನಮ್ಮ ಕಾರವಾರದ ಮಾಲಾದೇವಿ ಮೈದಾನ ನೆನಪಾಯಿತು.

ಅದು ನಮ್ಮ ಒಂಬತ್ತನೇ ನಂಬರಿನ ಕಥೆ.

ನಮ್ಮದು ಕಾಳಿ ನದಿಯ ಆಚೆ ದಡದ ಸಣ್ಣ ತಂಡ. ಕಾಂಟ್ರ್ಯಾಕ್ಟ್ ಇಲ್ಲ, ಸಂಬಳ ಇಲ್ಲ. ಜೆರ್ಸಿ, ಚೆಂಡು, ಟೂರ್ನಿಯ ಎಂಟ್ರಿ ಫೀ, ಆಟ ಮುಗಿದ ಮೇಲೆ ಊಟ, ಇಷ್ಟೇ ಖರ್ಚು. ಪುಸ್ತಕ ನನ್ನ ಹತ್ತಿರ. ಅವನು ಹದಿನೇಳಕ್ಕೆ ಬಂದವನು, ಹತ್ತೊಂಬತ್ತು ವರ್ಷ ಆಡಿದ. ಮೊಣಕಾಲು ಹೋಗಿತ್ತು. ತಿರುಗಲು ಎರಡು ಹೆಜ್ಜೆ ಜಾಸ್ತಿ ಬೇಕಾಗುತ್ತಿತ್ತು. ಕಮಿಟಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಮಳೆಗಾಲದ ಟೂರ್ನಿಗೆ ಹಿಂದಿನ ರಾತ್ರಿ ಸೇರಿ, ಕಾಣಕೋಣದಿಂದ ಇಬ್ಬರು ಹುಡುಗರನ್ನು ಕರೆಸುವುದು ಅಂತ ತೀರ್ಮಾನ ಆಯಿತು. ಪೆಟ್ರೋಲ್ ದುಡ್ಡು ಮತ್ತು ಪಂದ್ಯಕ್ಕೆ ಇಷ್ಟು ಅಂತ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಅವನಿಗೆ ಹೇಳುವುದು ಯಾರು ಅನ್ನುವ ಮಾತೇ ಬರಲಿಲ್ಲ.

ಮರುದಿನ ಮೈದಾನದ ಮೂಲೆಯಲ್ಲಿ ಜೆರ್ಸಿ ಚೀಲ ಬಿಚ್ಚಿದೆ. ಸಣ್ಣ ಮಳೆ. ಅವನು ಕೂತು ಬೂಟಿನ ಲೇಸ್ ಕಟ್ಟುತ್ತಿದ್ದ. ಹಳೇ ಬೂಟು. ಬಲಗಾಲಿನ ಹೆಬ್ಬೆರಳ ಹತ್ತಿರ ಬಿಟ್ಟುಕೊಂಡಿದ್ದನ್ನು ಬಲೆ ಹೆಣೆಯುವ ನೀಲಿ ನೈಲಾನ್ ದಾರದಿಂದ ತಾನೇ ಹೊಲಿದಿದ್ದ. ಸಣ್ಣ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು, ಕೊನೆಗೆ ಬಲೆಯ ಗಂಟು. ಪ್ರತಿ ವರ್ಷದ ಹಾಗೆ ತಲೆ ಎತ್ತದೆ ಕೈ ಚಾಚಿದ. ನಾನು ಆ ಕೈಯಲ್ಲಿ ಹದಿನಾಲ್ಕನೇ ನಂಬರಿನ ಜೆರ್ಸಿ ಇಟ್ಟೆ.

ಅವನು ಜೆರ್ಸಿ ಬಿಡಿಸಿ ನಂಬರ್ ನೋಡಿದ. ಆಚೆ ಕಡೆ ಕಾಣಕೋಣದ ಹುಡುಗ ಒಂಬತ್ತನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದ. ಅದನ್ನೂ ನೋಡಿದ. ಏನೂ ಹೇಳದೆ ಹದಿನಾಲ್ಕು ಹಾಕಿಕೊಂಡು ಬೆಂಚಿನಲ್ಲಿ ಕೂತ.

ನಾವು 2-0 ಗೆದ್ದೆವು. ಎರಡೂ ಗೋಲು ಆ ಹೊಸ ಹುಡುಗನದೇ. ಆಟ ಮುಗಿದ ಮೇಲೆ ಇವನು ಒದ್ದೆ ಜೆರ್ಸಿಯನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟು ಕೊಂಕಣಿಯಲ್ಲಿ ಹೇಳಿದ: "ಮಾಮಾ, ನಿನ್ನೆ ರಾತ್ರಿ ನಿಮ್ಮ ಮನೆ ಮುಂದಿನಿಂದಲೇ ಹೋದೆ. ಲೈಟ್ ಉರೀತಾ ಇತ್ತು." ಅಷ್ಟೇ. ಆಮೇಲೆ ಅವನು ಮೈದಾನಕ್ಕೆ ಬಂದಿಲ್ಲ. ಪೇಟೆಯಲ್ಲಿ ಸಿಕ್ಕರೆ ಮಾತಾಡುತ್ತಾನೆ, ಮಕ್ಕಳ ಓದು, ಮೀನಿನ ರೇಟು. ಆಟದ ಮಾತು ಬರುವುದಿಲ್ಲ.

ತೀರ್ಮಾನ ಸರಿಯಾಗಿಯೇ ಇತ್ತು ಅಂತ ಇವತ್ತೂ ಹೇಳುತ್ತೇನೆ. ಅವನ ಮನೆ ನಮ್ಮ ಮನೆಯಿಂದ ಆರು ನಿಮಿಷದ ದಾರಿ. ಆ ಆರು ನಿಮಿಷ ನಾನು ನಡೆಯಲಿಲ್ಲ.

ಈ ಭಾನುವಾರ ಮತ್ತೆ ಕಮಿಟಿ ಮೀಟಿಂಗ್. ಈ ಸಲದ ವಿಷಯ ನಮ್ಮ ಗೋಲ್‌ಕೀಪರ್, ಕ್ಯಾಪ್ಟನ್ ಕೂಡ ಅವನೇ. ಮೂವತ್ತೈದು ವರ್ಷ. ಎಡಭುಜ ಎರಡು ಸಲ ಜಾರಿದೆ, ಎತ್ತರದ ಚೆಂಡಿಗೆ ಕೈ ಪೂರ್ತಿ ಹೋಗುವುದಿಲ್ಲ. ಹತ್ತೊಂಬತ್ತರ ಒಬ್ಬ ಹುಡುಗ ಇದ್ದಾನೆ, ಚುರುಕು, ಆದರೆ ಡಿಫೆಂಡರ್‌ಗಳಿಗೆ ಕೂಗಿ ಹೇಳಲು ಇನ್ನೂ ನಾಚಿಕೆ. ನನ್ನ ಲೆಕ್ಕ ಹೀಗಿದೆ: ಕ್ಯಾಪ್ಟನ್ ಇನ್ನೊಂದು ವರ್ಷ ಇರಲಿ. ಊರಿನ ಟೂರ್ನಿಗೆ ಹುಡುಗ ನಿಲ್ಲಲಿ, ದೊಡ್ಡ ಪಂದ್ಯಕ್ಕೆ ಇವನು ನಿಲ್ಲಲಿ. ಒಂದನೇ ನಂಬರ್ ಈ ವರ್ಷವೇ ಹುಡುಗನಿಗೆ ಹೋಗಲಿ. ಕಮಿಟಿ ಒಪ್ಪಬಹುದು, ಒಪ್ಪದೆಯೂ ಇರಬಹುದು.

ಕ್ಯಾಪ್ಟನ್ ಈಗ ಬಲೆ ರಿಪೇರಿಗೆ ಹೋಗುತ್ತಾನೆ, ಸಂಜೆ ಆರಕ್ಕೆ ಮನೆಗೆ ಬರುತ್ತಾನೆ. ಶನಿವಾರ ಆರೂವರೆಗೆ ಬರುತ್ತೇನೆ ಅಂತ ಫೋನ್ ಮಾಡಿ ಹೇಳಿದ್ದೇನೆ. "ಯಾಕೆ ಮಾಮಾ, ಏನು ವಿಷಯ?" ಅಂತ ಕೇಳಿದ. ಆಟದ ವಿಷಯ, ನಿನ್ನದೇ ವಿಷಯ, ಕೂತು ಮಾತಾಡೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಚಹಾ ಇಲ್ಲೇ ಕುಡೀರಿ" ಅಂದ.