ಕಾಪಿರೈಟ್ ಎಂಬ ಕಡತ
ಇಂದು ಸಂಜೆ ಪೂರ್ತಿ ಹೋದದ್ದು ಒಂದೇ ಕಡತಕ್ಕೆ. ಅದರ ಹೆಸರು ಕಾಪಿರೈಟ್.

ಆಂಡ್ರಾಯ್ಡ್‌ನ ತಂತ್ರಾಂಶ ಸಲಕರಣೆಗಳನ್ನು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಪ್ಯಾಕೇಜ್ ಮಾಡುವಾಗ, ಅಂದರೆ ಅಲ್ಲಿ ಇನ್‌ಸ್ಟಾಲ್ ಆಗುವಂತೆ ಕಟ್ಟುವಾಗ, ಸೋರ್ಸ್ ಕೋಡ್ ಯಾರದು, ಯಾವ ಪರವಾನಗಿಯದು ಎಂದು ಅದರಲ್ಲಿ ಬರೆಯಬೇಕು. ಕಂಪ್ಯೂಟರಿನಿಂದ ಫೋನ್ ಜೊತೆ ಮಾತಾಡುವ ಎಡಿಬಿಯದು ಅಪಾಚೆ 2.0 ಪರವಾನಗಿ. ಪಕ್ಕದಲ್ಲೇ ಇರುವ, ಫೋನ್‌ಗೆ ಸಿಸ್ಟಂ ತುಂಬುವ ಫಾಸ್ಟ್‌ಬೂಟ್ ತೆರೆದರೆ ಬಿಎಸ್‌ಡಿ ಪರವಾನಗಿ, 2008ನೆಯ ಇಸವಿ. ಆ ಇಸವಿಯನ್ನೇ ನೋಡುತ್ತಾ ಕುಳಿತೆ. ಅಂದು ಯಾರೋ ಬರೆದ ಹತ್ತಿಪ್ಪತ್ತು ಸಾಲಿನ ಅನುಮತಿ ಇಂದು ನನ್ನ ಕೈ ಹಿಡಿದಿದೆ.

ಪ್ಯಾಕೇಜ್ ಕಟ್ಟುವಾಗ ಅಂತರ್ಜಾಲವನ್ನು ಮುಟ್ಟುವಂತಿಲ್ಲ. ಬೇಕಾದ ಸಿದ್ಧ ಕೋಡ್‌ನ ಲೈಬ್ರರಿಗಳೆಲ್ಲ ಡೆಬಿಯನ್‌ನಲ್ಲಿ ಮೊದಲೇ ಇರಬೇಕು. ಕಷ್ಟವೇ. ಆದರೂ ಈ ಹಟ ನನಗೆ ಇಷ್ಟ.

ಯಾರೋ ವಿದ್ಯಾರ್ಥಿ ‘ಆಪ್ಟ್ ಇನ್‌ಸ್ಟಾಲ್ ಎಡಿಬಿ’ ಎಂದು ಟೈಪ್ ಮಾಡಿ, ಫೋನ್‌ಗೆ ಕೇಬಲ್ ಸಿಕ್ಕಿಸುತ್ತಾಳೆ. ಈ ಕಡತವನ್ನು ಅವಳು ತೆರೆದು ನೋಡಲಿಕ್ಕಿಲ್ಲ.

ಇನ್ನೂ ಒಂದು ಫೋಲ್ಡರ್ ಬಾಕಿ ಇದೆ. ಕಾಫಿಗೆ ನೀರಿಟ್ಟಿದ್ದೇನೆ.