ವಾಲ್ ಬಫರ್ ಎಷ್ಟಿಡ್ಬೇಕು? ಇಗೋ, ಬರೆದೇ ಬಿಡ್ತೀನಿ

ಪೋಸ್ಟ್‌ಗ್ರೆಸ್‌ನಲ್ಲಿ ವಾಲ್ ಬಫರ್ಸ್ ಎಷ್ಟಿಡ್ಬೇಕು ಸರ್? ಪುಣೆಯ ಹಿಂಜವಡಿಯಲ್ಲಿ ಡೇಟಾಬೇಸ್ ನೋಡ್ಕೊಳ್ಳೋನು ಅಂತ ಗೊತ್ತಾದ್ರೆ ಸಾಕು, ಹುಬ್ಬಳ್ಳಿ ಬಸ್ಸಲ್ಲಿ ಪಕ್ಕದ ಸೀಟಿನವನೂ ಕೇಳ್ತಾನೆ. ಪೋಸ್ಟ್‌ಗ್ರೆಸ್ ಅಂದ್ರೆ ಒಂದು ಡೇಟಾಬೇಸ್, ವಾಲ್ ಅಂದ್ರೆ ಅದು ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡೋ ಲಾಗ್, ಅದು ಡಿಸ್ಕಿಗೆ ಹೋಗೋ ಮುಂಚೆ ಮೆಮೊರಿಯಲ್ಲಿ ಕೂರೋ ಜಾಗ ವಾಲ್ ಬಫರ್. ಉತ್ತರ: ಮೈನಸ್ 1. ಅಂದ್ರೆ ಮುಟ್ಬೇಡಿ. 9.1ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ತಾನೇ ಲೆಕ್ಕ ಹಾಕ್ಕೊಳ್ಳುತ್ತೆ, ಡೇಟಾ ಇಟ್ಕೊಳ್ಳೋ ಮೆಮೊರಿಯಾದ ಶೇರ್ಡ್ ಬಫರ್ಸ್‌ನ 32ರಲ್ಲಿ 1 ಭಾಗ, ಸಾಮಾನ್ಯವಾಗಿ 16 ಎಂಬಿಗೆ ನಿಲ್ಲುತ್ತೆ. 8.4 ಕಾಲದಲ್ಲಿ ಡಿಫಾಲ್ಟ್ ಬರೀ 64 ಕೆಬಿ ಇತ್ತು, ಆಗ ನಾನೂ ಏರಿಸಿದ್ದೆ, ಒಪ್ಕೋತೀನಿ. ಆ ಹಳೇ ಸಲಹೆನೇ ಇನ್ನೂ ಓಡಾಡ್ತಿದೆ.

ಹೋದ ಗಣೇಶ ಹಬ್ಬಕ್ಕೆ ವಾಕಡ್‌ನಲ್ಲಿ ನಮ್ಮೂರವರ ಮನೇಲಿ ಊಟ. ಕೈಯಲ್ಲಿ ಕಡುಬು, ಬಾಯಿಗಿಡೋಷ್ಟರಲ್ಲಿ ಒಬ್ಬ ಹುಡುಗ ಬಂದ. "ಅಣ್ಣಾ, 64 ಜಿಬಿ ರ‍್ಯಾಮ್ ಐತಿ, ವಾಲ್ ಬಫರ್ 1 ಜಿಬಿ ಮಾಡೀನಿ, ಆದ್ರೂ ಇನ್ಸರ್ಟ್ ಫಾಸ್ಟ್ ಆಗವಲ್ದು, ಇನ್ನಷ್ಟು ಹಾಕ್ಲೇನು?" ಹಾಕ್ಲೇನು ಅಂತೆ, ಸಾರಿಗೆ ಉಪ್ಪು ಹಾಕ್ದಂಗೆ! ಅದೂ ಪ್ರತಿ ಸಲ ಸರ್ವರ್ ರೀಸ್ಟಾರ್ಟ್ ಮಾಡಿ.

ನಮ್ಮಪ್ಪಂದು ಕಿರಾಣಿ ಅಂಗಡಿ. ವ್ಯಾಪಾರ ಆದ ಕೂಡ್ಲೆ ಕಿರ್ದಿಯಲ್ಲಿ ಬರೀತಿದ್ರು, ಖತಾವಣಿಗೆ ಏರಿಸೋದು ರಾತ್ರಿ ಪುರಸೊತ್ತಾದಾಗ. ವಾಲ್ ಅಂದ್ರೆ ಆ ಕಿರ್ದಿ. ಬಫರ್ ಅಂದ್ರೆ ಕಿರ್ದಿಗೆ ಮುಂಚೆ ಗೀಚ್ಕೊಳ್ಳೋ ಪಾಟಿ. ಪ್ರತಿ ಕಮಿಟ್‌ಗೂ (ಅಂದ್ರೆ ಬದಲಾವಣೆ ಪಕ್ಕಾ ಅಂತ ಮುಗಿಸೋದಕ್ಕೆ) ಪಾಟಿಯಲ್ಲಿದ್ದದ್ದು ಕಿರ್ದಿಗೆ ಇಳೀಲೇಬೇಕು, ಅಲ್ಲೀತನಕ ಗಿರಾಕಿ ನಿಂತೇ ಇರ್ತಾನೆ, ಪಾಟಿ ಮಂಚದಷ್ಟು ತಂದ್ರೆ ಬರೆಯೋ ಕೈ ಚುರುಕಾಗುತ್ತಾ? ಪಾಟಿ ನಿಜವಾಗ್ಲೂ ಸಾಲ್ತಿಲ್ವಾ ಅಂತ ನೋಡೋಕೆ 14ನೇ ಆವೃತ್ತಿಯಿಂದ ಪಿಜಿ ಸ್ಟ್ಯಾಟ್ ವಾಲ್ ಅನ್ನೋ ವ್ಯೂ ಇದೆ, ಅದರಲ್ಲಿ 'ವಾಲ್ ಬಫರ್ಸ್ ಫುಲ್' ಕಾಲಮ್ ದಬದಬ ಏರ್ತಿದ್ರೆ ಆಮೇಲೆ ಮಾತಾಡೋಣ. ಇವನು ನೋಡೇ ಇರ್ಲಿಲ್ಲ.

ಯಾರೂ ಕೇಳದೇ ಇರೋ ಪ್ರಶ್ನೆ ಅಂದ್ರೆ "ಎಷ್ಟು ಸಾಲಿಗೊಂದು ಕಮಿಟ್ ಮಾಡ್ಲಿ?" ಇವನ ಕೋಡ್‌ನಲ್ಲಿ ಲಕ್ಷ ಸಾಲಿಗೆ ಲಕ್ಷ ಕಮಿಟ್, ಅಕ್ಕಿ ಮಾರೋವಾಗ ಕಾಳಿಗೊಂದು ಕಿರ್ದಿ! ಇನ್ನೊಂದು, "ಕರೆಂಟ್ ಹೋದ್ರೆ ಎಷ್ಟು ಕಳ್ಕೊಂಡ್ರೆ ನಡೆಯುತ್ತೆ?" ನಡೆಯುತ್ತೆ ಅಂದ್ರೆ ಸಿಂಕ್ರನಸ್ ಕಮಿಟ್ (ಕಿರ್ದಿಗಿಳಿಯೋ ತನಕ ಗಿರಾಕಿಯನ್ನ ನಿಲ್ಲಿಸೋ ಸೆಟ್ಟಿಂಗ್) ಆಫ್ ಮಾಡಿ, ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಕೊನೇ 600 ಮಿಲಿಸೆಕೆಂಡಿನ ಕಮಿಟ್‌ಗಳು ಹೋಗ್ಬಹುದು, ಡೇಟಾಬೇಸ್ ಮಾತ್ರ ಕೆಡಲ್ಲ. ಎಫ್‌ಸಿಂಕ್ (ಬರೆದದ್ದನ್ನ ನಿಜವಾಗ್ಲೂ ಡಿಸ್ಕಿಗೆ ಇಳಿಸೋ ಸೆಟ್ಟಿಂಗ್) ಆಫ್ ಮಾಡೋರು ಮಾತ್ರ ನನಗೆ ಫೋನ್ ಮಾಡ್ಬೇಡಿ.

ಕಡುಬು ಆರಿತ್ತು.

ಎರಡು ದಿನ ಬಿಟ್ಟು ಹುಡುಗ ಫೋನ್ ಮಾಡ್ದ. "ಸಾವಿರಕ್ಕೊಂದು ಕಮಿಟ್ ಮಾಡೀನಿ ಅಣ್ಣಾ, ಹಾರಾಕತ್ತೈತಿ! ವಾಲ್ ಬಫರ್ 1 ಜಿಬಿನೇ ಬಿಟ್ಟೀನಿ, ಇರ್ಲಿ ಅಂತ."