ಸಪ್ಪಳ ನಿಲ್ಲಬೇಕೋ, ಗಾಡಿ ನಿಲ್ಲಬೇಕೋ

"ಮೇಡಂ, ನಿಮಗ ಸಪ್ಪಳ ನಿಲ್ಬೇಕೋ, ಗಾಡಿ ನಿಲ್ಬೇಕೋ?"

ಕಲಬುರಗಿ ರಿಂಗ್ ರಸ್ತೆ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಚಾಚಾ ಮಂಗಳವಾರ ಕೇಳಿದ ಪ್ರಶ್ನೆ ಇದು. ಕೇಳಿದ್ದು ನನ್ನನ್ನು, ನೋಡಿದ್ದು ಮಾತ್ರ ನನ್ನ ಮೈದುನನ ಕಡೆ. ಅವನು ಮೊಬೈಲಿನಲ್ಲಿ ಏನೋ ಮಹತ್ವದ್ದು ಹುಡುಕುತ್ತಿದ್ದ.

ನಮ್ಮ ಕಾರಿನ ಮುಂದಿನ ಚಕ್ರದಲ್ಲಿ ಕಿರ್ ಅನ್ನೋ ಸಪ್ಪಳ ಶುರುವಾಗಿತ್ತು. "ಮಳಿಗಾಲ ವೈನಿ, ಡಿಸ್ಕಿಗೆ ಜಂಗ್ ಹಿಡದಿರ್ತದ. ನಾಕ್ ಸಲ ಬ್ರೇಕ್ ಹೊಡೀರಿ, ಹೋಗ್ತದ" ಅಂದಿದ್ದ ಮೈದುನ. ಮಾತಿನಲ್ಲಿ ಸುಳ್ಳಿಲ್ಲ. ರಾತ್ರಿ ಮಳೆಗೆ ನಿಂತ ಗಾಡಿಯ ಡಿಸ್ಕಿನ ಮೇಲೆ, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ಕಬ್ಬಿಣದ ತಟ್ಟೆಯ ಮೇಲೆ, ತೆಳ್ಳಗೆ ತುಕ್ಕು ಕೂರುತ್ತದೆ. ಬೆಳಿಗ್ಗೆ ಹೊರಟಾಗ ಒಂದಿಷ್ಟು ಕಿರುಗುಟ್ಟಿ, ಓಣಿ ದಾಟುವಷ್ಟರಲ್ಲಿ ಸುಮ್ಮನಾಗುತ್ತದೆ. ಆದರೆ ನಮ್ಮದು ಮಧ್ಯಾಹ್ನ ಸೂಪರ್ ಮಾರ್ಕೆಟ್ ಗದ್ದಲದಲ್ಲೂ ಕೂಗುತ್ತಿತ್ತು. ಬ್ರೇಕ್ ಮೇಲೆ ಕಾಲಿಡದಿದ್ದಾಗಲೂ ಕೂಗುತ್ತಿತ್ತು. ತುಕ್ಕು ಇಡೀ ದಿನ ಹಾಗೆ ಕೂಗೋದಿಲ್ಲ, ಅಲ್ವಾ?

ಕೊನೆಗೆ ಅವನೇ ಗೆಳೆಯನ ಗ್ಯಾರೇಜಿಗೆ ಒಯ್ದ. ಅರ್ಧ ತಾಸಿಗೆ ವಾಪಸ್. ಸಪ್ಪಳ ಪೂರಾ ಬಂದ್. "ಹತ್ತು ಪೈಸಾ ಖರ್ಚಿಲ್ಲ ನೋಡ್ರಿ ವೈನಿ" ಅಂದು ಕೀಲಿ ಕೈಗಿಟ್ಟ. ಪುಕ್ಕಟೆ ಆದ ಕೆಲಸ ಅಂದರೆ ಈ ಹುಡುಗನ ಮುಖದಲ್ಲಿ ಬರುವ ತೃಪ್ತಿ, ಅವನ ಮದುವೆ ದಿನವೂ ನಾನು ಕಂಡಿಲ್ಲ.

ಆಮೇಲೆ ಸೇಡಂ ರಸ್ತೆ. ನನ್ನ ಕೆಲಸ ಆ ಕಡೆ. ಮಳಖೇಡದವರೆಗೂ ಸಿಮೆಂಟ್ ಲಾರಿಗಳ ಹಿಂದೆ ನಿಂತು, ಹೊರಟು, ಮತ್ತೆ ನಿಂತು ಹೋಗಬೇಕು. ನಮ್ಮ ಕಡೆ ಘಾಟಿ ಇಲ್ಲ, ನೆಲ ಸಪಾಟು, ಬ್ರೇಕಿಗೇನು ಕೆಲಸ ಅಂತ ಕೆಲವರು ಕೇಳುತ್ತಾರೆ. ಡಿಸ್ಕನ್ನು ಒತ್ತಿ ಹಿಡಿದು ಗಾಡಿ ನಿಲ್ಲಿಸುವ ಬ್ರೇಕ್ ಪ್ಯಾಡು, ಓಡಿದ ಕಿಲೋಮೀಟರಿಗಿಂತ ಬ್ರೇಕ್ ಒತ್ತಿದ ಲೆಕ್ಕಕ್ಕೆ ಜಾಸ್ತಿ ಸವೆಯುತ್ತದೆ. ಆ ರಸ್ತೆಯಲ್ಲಿ ಒತ್ತದೆ ಹೋದವರು ಯಾರಿದ್ದಾರೆ? ಸೋಮವಾರ ವಾಪಸ್ ಬರುವಾಗ ಒಮ್ಮೆ ಜೋರಾಗಿ ಬ್ರೇಕ್ ಹಾಕಿದೆ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು. ಹ್ಯಾಂಡ್ ಬ್ರೇಕ್ ಕೆಳಗೇ ಇತ್ತು. ದೀಪ ಆರಿ, ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿತು.

"ಬ್ರೇಕ್ ಆಯಿಲ್ ಕಮ್ಮಿ ಆಗ್ಯಾದ ಅಷ್ಟ. ನಾ ಹಾಕ್ತೀನಿ ತಗೋರಿ" ಅಂದ ಮೈದುನ. ಬೇಡಪ್ಪಾ ಅಂದು ಮರುದಿನ ಚಾಚಾ ಹತ್ತಿರ ಹೋದೆ. ಇವನೂ ಜೊತೆಗೆ ಬಂದ.

ಚಾಚಾ ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿದರು. ಹಾಕಲಿಲ್ಲ. "ಎಲ್ಲೂ ಸೋರಿಲ್ಲ. ಪ್ಯಾಡ್ ಸವದಂಗ ಅದನ್ನ ಒತ್ತೋ ಪಿಸ್ಟನ್ ಮುಂದ ಬರ್ತದ. ಆಯಿಲ್ ಅದರ ಹಿಂದ ಹೋಗಿ ನಿಲ್ತದ, ಇಲ್ಲಿ ಕಮ್ಮಿ ಕಾಣ್ತದ" ಅಂದರು. ಈಗ ತುಂಬಿಸಿದರೆ, ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಪೇಂಟ್ ಮೇಲೆ ಚೆಲ್ಲುತ್ತದಂತೆ, ಚೆಲ್ಲಿದ ಕಡೆ ಪೇಂಟ್ ಏಳುತ್ತದಂತೆ.

ಚಕ್ರ ಬಿಚ್ಚಿದರು. ಹೊಸ ಪ್ಯಾಡಿನ ಸವೆಯುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರಿಗೆ ಬಂದರೆ ಬದಲಿಸಬೇಕು. ನಮ್ಮದು ಒಂದು ರೂಪಾಯಿ ನಾಣ್ಯದಷ್ಟು ಉಳಿದಿತ್ತು. ಚಾಚಾ ಪ್ಯಾಡನ್ನು ತಿರುಗಿಸಿ, ಅದರ ಅಂಚಿನಲ್ಲಿದ್ದ ಸಣ್ಣ ಉಕ್ಕಿನ ಪಟ್ಟಿ ತೋರಿಸಿದರು. ಅದನ್ನು ಹಿಂದಕ್ಕೆ ಬಾಗಿಸಿದ್ದರು. ಇಕ್ಕಳದ ಹಲ್ಲಿನ ಗುರುತೂ ಇತ್ತು.

ಆ ಪಟ್ಟಿ ಇರೋದೇ ಕೂಗೋದಕ್ಕೆ. ಪ್ಯಾಡ್ ಸವೆದು ಎರಡು–ಮೂರು ಮಿಲಿಮೀಟರಿಗೆ ಬಂದಾಗ ಪಟ್ಟಿಯ ತುದಿ ತಿರುಗುವ ಡಿಸ್ಕಿಗೆ ತಾಗಿ ಕಿರ್ ಅನ್ನುತ್ತದೆ. ಬ್ರೇಕ್ ಬಿಟ್ಟಾಗಲೂ ಸಪ್ಪಳ ಬರುತ್ತಿದ್ದುದು ಅದಕ್ಕೇ. ಗೆಳೆಯನ ಗ್ಯಾರೇಜಿನಲ್ಲಿ ಅದರ ಬಾಯಿ ಮುಚ್ಚಿಸಿ ಕಳಿಸಿದ್ದರು. ಚಾಚಾ ಆ ಪ್ರಶ್ನೆ ಕೇಳಿದ್ದು ಆಗ. ಸಪ್ಪಳ ನಿಲ್ಬೇಕೋ, ಗಾಡಿ ನಿಲ್ಬೇಕೋ?

ಮೈದುನ ಮೊಬೈಲಿನಿಂದ ತಲೆ ಎತ್ತದೆ ಹೇಳಿದ, "ಎರಡೂ ನಿಲ್ಲಲಿ ಬಿಡ್ರಿ ಚಾಚಾ."

ಇನ್ನೂ ಕೆಲವು ದಿನ ಓಡಿಸಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಗರಗರ ಅಂತಿತ್ತಂತೆ. ಆ ಸಪ್ಪಳ ಬಂದ ಮೇಲೆ ಗಾಡಿ ಓಡಿಸಲೇಬಾರದು. ಡಿಸ್ಕಿಗೆ ಗೆರೆ ಬಿದ್ದು, ಅದರ ಖರ್ಚೂ ಸೇರುತ್ತದೆ. ನಮ್ಮ ಡಿಸ್ಕಿನ ಮೇಲೆ ಚಾಚಾ ಉಗುರು ಎಳೆದು ನೋಡಿದರು, ಗೆರೆ ಇರಲಿಲ್ಲ. ಪ್ಯಾಡು ಹಿಡಿದಿರುವ ಕ್ಯಾಲಿಪರಿನ ಪಿನ್ನಿಗೆ ಗ್ರೀಸ್ ಹಚ್ಚಿ, ಎಡ ಬಲ ಎರಡೂ ಚಕ್ರದ ಪ್ಯಾಡ್ ಬದಲಿಸಿದರು. ಒಂದೇ ಕಡೆ ಹಾಕಿದರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆ ಎಳೆಯಬಹುದು. ಮೊದಲ ಎರಡು ನೂರು ಕಿಲೋಮೀಟರ್ ಜೋರು ಬ್ರೇಕ್ ಬೇಡ, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲಿ ಅಂದರು. ಸೇಡಂ ರಸ್ತೆಯಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ ಬಿಡಿ.

ಆ ಬಾಗಿದ ಪಟ್ಟಿ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಬಾಗಿಸಿದವನಿಗೆ ಅದು ಯಾಕಿದೆ ಅಂತ ಗೊತ್ತಿಲ್ಲದೆ ಇರುತ್ತದಾ? ಗೊತ್ತಿದ್ದವನ ಕೈಯಲ್ಲೇ ಇಕ್ಕಳ ನೇರ ಅಲ್ಲಿಗೆ ಹೋಗೋದು. ಗಿರಾಕಿ ಕೇಳಿದ್ದು ಸಪ್ಪಳ ನಿಲ್ಲಿಸು ಅಂತ. ಅವನು ನಿಲ್ಲಿಸಿದ. ಗಿರಾಕಿ ಖುಷಿಯಾಗಿ ಹೋದ. ಈ ವ್ಯವಹಾರದಲ್ಲಿ ಇಬ್ಬರಿಗೂ ತಕರಾರಿಲ್ಲ. ಗಾಡಿ ಓಡಿಸೋಳು ನಾನು, ಅದು ಬೇರೆ ಮಾತು.

ನಮ್ಮ ಓಣಿಯಲ್ಲೂ ಒಬ್ಬ ಕಾಕಾ ಇದ್ದಾರೆ. ರಸ್ತೆ ನಡುವಿನ ಒಳಚರಂಡಿ ಚೇಂಬರಿನ ಮುಚ್ಚಳ ಒಡೆದು ಹೋದಾಗಿನಿಂದ ಸಂಬಂಧಪಟ್ಟ ಆಫೀಸಿಗೆ ಅಲೆಯುತ್ತಾರೆ. ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಅದರ ಫೋಟೋ ಹಾಕುತ್ತಿದ್ದರು. ಕಿರಿಕಿರಿ ಅಂತ ಹೋದ ತಿಂಗಳು ಅವರನ್ನೇ ಗ್ರೂಪಿನಿಂದ ತೆಗೆದರು. ಈಗ ಗ್ರೂಪ್ ಬಹಳ ಶಾಂತ. ಬರೇ ಗುಡ್ ಮಾರ್ನಿಂಗ್, ಹುಟ್ಟುಹಬ್ಬ. ಚೇಂಬರಿನಲ್ಲಿ ಯಾರೋ ಗಿಡದ ಟೊಂಗೆ ಸಿಗಿಸಿದ್ದಾರೆ. ಮಳೆ ನೀರು ನಿಂತರೆ ಅದೂ ಕಾಣೋದಿಲ್ಲ. ಅವರನ್ನು ತೆಗೆದ ಅಡ್ಮಿನ್ ಯಾರು ಅಂತ ಹೇಳಬೇಕಾಗಿಲ್ಲ, ನಮ್ಮ ಮನೆಯಲ್ಲೇ ಊಟ ಮಾಡುತ್ತಾನೆ.

ನಿನ್ನೆ ಕಾಕಾ ಹೊಸ ಅರ್ಜಿ ಹಿಡಿದು ಮನೆಗೆ ಬಂದಿದ್ದರು. ನಾನು ಸಹಿ ಹಾಕಿ ಮೈದುನನ ಮುಂದೆ ಹಿಡಿದೆ.

"ಪೆನ್ ಇಲ್ಲ ವೈನಿ" ಅಂದ.

ನನ್ನ ಪೆನ್ನು ಅರ್ಜಿಯ ಮೇಲೆಯೇ ಇತ್ತು.